ಎರಡು ಸಾಲು ಹಲ್ಲು

ಚೆನ್ನೈನ ತಿರುವಲ್ಲಿಕ್ಕೇಣಿಯ ಒಂದು ಉಡುಪಿ ಹೋಟೆಲಿನ ಹಿಂಬದಿಯಲ್ಲಿ ಕೂತು ಗುಣವತಿ ಹದಿನೆಂಟು ವರ್ಷ ಅಕ್ಕಿ ಬೇಳೆ ಆರಿಸಿದ್ದಳು. ಅಷ್ಟು ವರ್ಷದಲ್ಲಿ ಊಟದಲ್ಲಿ ಕಲ್ಲು ಸಿಕ್ಕಿತೆಂದು ಒಬ್ಬ ಗಿರಾಕಿಯೂ ಹೇಳಿರಲಿಲ್ಲ. ಹೇಳಿದ ದಿನ ಬಂದದ್ದು ಅವಳಿಗೆ ನಲವತ್ತೆಂಟು ತುಂಬಿದ ವರ್ಷ, ಒಂದು ಬುಧವಾರ ಮಧ್ಯಾಹ್ನ, ಊಟದ ಗಡಿಬಿಡಿ ಇಳಿಯುತ್ತಿದ್ದ ಹೊತ್ತಿಗೆ.

"ಮ್ಯಾನೇಜರ್ ಕರೀತಾ ಇದ್ದಾರೆ. ಕೈ ತೊಳೆದು ಬಾ," ಎಂದು ಗಂಡ ಕಾಂತಪ್ಪ ಬಾಗಿಲಲ್ಲಿ ನಿಂತು ಹೇಳಿದ. ಅವನು ಅದೇ ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ದೋಸೆಕಲ್ಲು ಬಿಟ್ಟು ಅವನೇ ಎದ್ದು ಬಂದಿದ್ದಾನೆಂದರೆ ಏನೋ ಆಗಿದೆ ಎಂದು ಅವಳಿಗೆ ತಿಳಿಯಿತು.

ಕಿಟಕಿಯ ಪಕ್ಕದ ಮೇಜಿನಲ್ಲಿ ಇಪ್ಪತ್ತಾರು ಇಪ್ಪತ್ತೇಳರ ಹುಡುಗಿಯೊಬ್ಬಳು ಕೂತಿದ್ದಳು. ಚಪ್ಪಲಿಯ ತುಂಬ ಕೆಂಪು ಮಣ್ಣು. ಕರವಸ್ತ್ರದ ಮೇಲೆ ಸಾಸಿವೆಗಿಂತ ತುಸು ದೊಡ್ಡದಾದ ಒಂದು ಬಿಳಿ ಕಲ್ಲು ಇಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ಮ್ಯಾನೇಜರ್ ಪಕ್ಕದಲ್ಲಿ ನಿಂತು ಎರಡೆರಡು ಸಲ ಕ್ಷಮೆ ಕೇಳುತ್ತಿದ್ದರು. ಗುಣವತಿ ಬಂದವಳೇ ತಲೆ ತಗ್ಗಿಸಿ ನಿಂತಳು.

"ನಿಮ್ಮ ಹಲ್ಲಿಗೆ ಎಂತ ಆಗ್ಲಿಲ್ವಾ ಮೇಡಂ?"

ಹುಡುಗಿ ಕತ್ತೆತ್ತಿದಳು. "ಅಯ್ಯೋ, ನೀವು ಕನ್ನಡದವ್ರಾ! ಏನೂ ಆಗಿಲ್ಲ ಅಕ್ಕಾ, ಬೈಯೋಕೆ ಕರೆಸಿದ್ದಲ್ಲ. ಈ ಕಲ್ಲು ನೋಡಿ, ಬೆಣಚುಕಲ್ಲು. ಎಷ್ಟು ನುಣುಪಾಗಿದೆ ಅಲ್ವಾ? ಹೊಳೆಯಲ್ಲಿ ತುಂಬಾ ದೂರ ಉರುಳ್ಕೊಂಡು ಬಂದಿರತ್ತೆ. ಅಕ್ಕಿ ಎಲ್ಲಿಂದ ಬಂತು ಅಂತ ಕೇಳೋಣ ಅನ್ನಿಸ್ತು, ಅಷ್ಟೇ."

ಮ್ಯಾನೇಜರಿಗೆ ಇದು ಕೋಪವೋ ತಮಾಷೆಯೋ ತಿಳಿಯಲಿಲ್ಲ. ಗುಣವತಿಗೂ ತಿಳಿಯಲಿಲ್ಲ. ಹುಡುಗಿ ಕಲ್ಲನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಮಜ್ಜಿಗೆ ಕುಡಿದು ಹೋದಳು. ಅವಳ ಹೆಸರು ಪ್ರೇರಣಾ. ಅಪ್ಪ ರೈಲ್ವೆಯಲ್ಲಿದ್ದುದರಿಂದ ಪೆರಂಬೂರಿನ ಕ್ವಾರ್ಟರ್ಸಿನಲ್ಲೇ ಹುಟ್ಟಿ ಬೆಳೆದವಳು. ಆಗ ಹತ್ತಿರದ ಕಾಲೇಜೊಂದರ ಭೂವಿಜ್ಞಾನ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಇದೆಲ್ಲ ಗುಣವತಿಗೆ ಗೊತ್ತಾದದ್ದು ಆಮೇಲೆ.

ಅವತ್ತು ಸಂಜೆ ಮ್ಯಾನೇಜರ್ ಗಟ್ಟಿ ಮಾತೇನೂ ಆಡಲಿಲ್ಲ. "ನಾಳೆಯಿಂದ ಈರುಳ್ಳಿ ಸುಲೀರಿ ಗುಣವತಿ. ಆರಿಸೋದಕ್ಕೆ ಬೇರೆಯವರನ್ನ ನೋಡ್ತೇನೆ," ಎಂದರು. ಅವಳು ಸರಿ ಎಂದಳು. ಮನೆಯಿದ್ದ ರಾಯಪುರಂಗೆ ಹೋಗುವ ಬಸ್ಸಿನಲ್ಲಿ ಗಂಡನ ಪಕ್ಕ ಕೂತಾಗ ಮಾತ್ರ ಕಣ್ಣಲ್ಲಿ ನೀರು ಬಂತು.

"ಒಂದು ಕಲ್ಲಿಗೆ ಯಾರಾದ್ರೂ ಅಳ್ತಾರಾ?" ಎಂದ ಕಾಂತಪ್ಪ.

"ಕಲ್ಲಿಗೆ ಅಲ್ಲ. ಒಂದು ವರ್ಷದಿಂದ ನನಗೆ ಸರಿ ಕಾಣುದಿಲ್ಲ. ನಾನು ಯಾರಿಗೂ ಹೇಳ್ಲಿಲ್ಲ, ಅಷ್ಟೆ."

ಅವಳು ಕಾರ್ಕಳದ ಹತ್ತಿರದವಳು. ಏಳನೆಯ ಕ್ಲಾಸು ಮುಗಿಸಿ ಬೀಡಿ ಕಟ್ಟಲು ಕೂತವಳು. ದಿನಕ್ಕೆ ಸಾವಿರ ಬೀಡಿ. ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಬೀಡಿ ಪರೀಕ್ಷೆ ಮಾಡುವಾತ ಹಿಡಿಯಷ್ಟು ತೆಗೆದು ಸಡಿಲವಾದದ್ದನ್ನು ಮುರಿದು ಬಿಸಾಡುತ್ತಿದ್ದ. ಊರಿನ ಹೆಂಗಸರೆಲ್ಲ ಅವನಿಗೆ ಹೆದರುತ್ತಿದ್ದರು. ಗುಣವತಿಯ ಕಟ್ಟಿಗೆ ಅವನು ಕೈ ಹಾಕುವುದನ್ನೇ ಬಿಟ್ಟಿದ್ದ. ಮದುವೆಯಾಗಿ ಮದರಾಸಿಗೆ ಬಂದು, ಮಗಳು ಅಶ್ವಿತಾಳಿಗೆ ಎರಡು ವರ್ಷವಾದ ಮೇಲೆ ಅವಳೂ ಹೋಟೆಲಿಗೆ ಸೇರಿದಳು. ತನಗೆ ಬೇರೆ ಏನೂ ಬಾರದಿದ್ದರೂ ಕಣ್ಣು ಮತ್ತು ಬೆರಳು ಚೆನ್ನಾಗಿವೆ ಎಂಬ ಧೈರ್ಯ ಅವಳಿಗಿತ್ತು. ಚಾಳೀಸು ಬಂದಾಗ ಅದರಲ್ಲಿ ಅರ್ಧ ಹೋಯಿತು. ಫುಟ್‌ಪಾತಿನಲ್ಲಿ ಕನ್ನಡಕ ಕೊಂಡು ನೋಡಿದಳು. ಅಡುಗೆಮನೆಯ ಹಬೆಗೆ ಅದು ಐದು ನಿಮಿಷಕ್ಕೊಮ್ಮೆ ಮಂಜಾಗುತ್ತಿತ್ತು.

ಹತ್ತು ದಿನ ಬಿಟ್ಟು ಪ್ರೇರಣಾ ಮತ್ತೆ ಊಟಕ್ಕೆ ಬಂದಳು. ಕೈ ತೊಳೆಯಲು ಹಿಂದೆ ಹೋದವಳು ಈರುಳ್ಳಿ ರಾಶಿಯ ಮುಂದೆ ಕೂತ ಗುಣವತಿಯನ್ನು ಕಂಡು ನಿಂತುಬಿಟ್ಟಳು.

"ಅಕ್ಕಾ, ನನ್ನಿಂದ ನಿಮ್ಮ ಕೆಲಸ ಹೋಯ್ತಾ?"

"ಕೆಲಸ ಹೋಗ್ಲಿಲ್ಲ, ಈರುಳ್ಳಿಗೆ ಬಂತು. ಹೋದದ್ದು ಕಣ್ಣು. ಅದಕ್ಕೆ ನೀವು ಎಂತ ಮಾಡ್ತೀರಿ?" ಎಂದು ಗುಣವತಿ ನಕ್ಕಳು. ಆಮೇಲೆ ಅವಳ ಮುಖ ನೋಡಿ, "ಅಲ್ಲ, ನಿಮ್ಮ ಕಣ್ಣು ಯಾಕೆ ಇಷ್ಟು ಕೆಂಪಾಗಿದೆ? ಈರುಳ್ಳಿ ಸುಲಿಯುದು ನಾನಲ್ವಾ?" ಎಂದಳು.

"ನಾನೂ ನಿಮ್ಮ ಥರಾನೇ ಅಕ್ಕಾ. ದಿನವೆಲ್ಲ ಆರಿಸ್ತೀನಿ. ಮಣ್ಣಿಂದ ಹಲ್ಲು ಆರಿಸೋದು."

"ಹಲ್ಲಾ? ಯಾರ ಹಲ್ಲು?"

"ಒಂದು ಪುಟ್ಟ ಪ್ರಾಣೀದು. ಸುಂಡಿಲಿ ಥರ ಇತ್ತು. ಈಗ ಎಲ್ಲೂ ಇಲ್ಲ. ಏಳು ಕೋಟಿ ವರ್ಷದ ಹಿಂದೆ ಇದ್ದದ್ದು."

ಗುಣವತಿ ಕತ್ತಿ ಕೆಳಗಿಟ್ಟಳು. "ಏಳು ಕೋಟಿ ವರ್ಷ ಮಣ್ಣಲ್ಲಿ ಬಿದ್ದ ಹಲ್ಲು ಹಾಳಾಗುದಿಲ್ವಾ? ನಮ್ಮ ಅತ್ತೆಯ ಹಲ್ಲು ಅರವತ್ತಕ್ಕೇ ಹೋಗಿತ್ತು."

ಪ್ರೇರಣಾ ಜೋರಾಗಿ ನಕ್ಕಳು. ಅಂಥ ಸಣ್ಣ ಪ್ರಾಣಿಯ ಮೂಳೆ ಪುಡಿಯಾಗಿ ಹೋಗುತ್ತದೆ, ಹಲ್ಲಿನ ಮೇಲಿನ ಗಟ್ಟಿ ಪದರ ಮಾತ್ರ ಉಳಿಯುತ್ತದೆ ಎಂದು ವಿವರಿಸಿದಳು. ಅರಿಯಲೂರಿನ ಆಚೆ ಪುನ್ನೈಕುಳಂ ಎಂಬ ಹಳ್ಳಿಯಿಂದ ಮಣ್ಣು ಮೂಟೆ ಮೂಟೆ ಬರುತ್ತದೆ. ಅದನ್ನು ಒಣಗಿಸಿ, ಸೀಮೆಎಣ್ಣೆಯಲ್ಲಿ ನೆನೆಸಿ, ನೀರು ಹಾಕಿ ಸಡಿಲ ಮಾಡಿ, ಜರಡಿಯಲ್ಲಿ ತೊಳೆದರೆ ಮೂಟೆಯೊಂದಕ್ಕೆ ಒಂದೆರಡು ಹಿಡಿ ಕಾಳು ಉಳಿಯುತ್ತದೆ. ಆ ಕಾಳನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ ಒಂದೊಂದಾಗಿ ನೋಡಬೇಕು. "ಒಂದೂವರೆ ವರ್ಷದಿಂದ ನೋಡ್ತಾ ಇದೀನಿ. ಆ ಪ್ರಾಣೀದು ಸಿಕ್ಕಿದ್ದು ಎರಡೇ ಹಲ್ಲು. ಅದೂ ಮುರಿದವು. ನೀವು ಒಂದು ದಿನ ಬನ್ನಿ ಅಕ್ಕಾ, ಸುಮ್ಮನೆ ನೋಡೋಕೆ. ಕಂಡಿಪ್ಪಾ, ಖಂಡಿತ ಬರ್ಬೇಕು."

ಮಂಗಳವಾರ ಗುಣವತಿಗೆ ರಜೆ. ಮಗಳನ್ನು ಜೊತೆಗೆ ಕರೆದಳು. ಬಿ.ಕಾಂ. ಓದುತ್ತಿದ್ದ ಅಶ್ವಿತಾ ಮನೆಯಲ್ಲಿ ಏನು ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುವವಳು. "ನಾನ್ ವರಲೆ ಮಾ," ಎಂದು ಮೊಬೈಲಿನಿಂದ ಕಣ್ಣು ತೆಗೆಯದೆ ಹೇಳಿದಳು. ಗುಣವತಿ ಒಬ್ಬಳೇ ಹೋದಳು.

ಹಳೆಯ ಕಟ್ಟಡ, ಎತ್ತರದ ಛಾವಣಿ. ಗೋಡೆಯುದ್ದಕ್ಕೂ ಮಣ್ಣಿನ ಮೂಟೆಗಳು. ಕಿಟಕಿಯ ಹತ್ತಿರದ ಮೇಜಿನ ಮೇಲೆ ಎರಡು ಕಣ್ಣಿನ ಸೂಕ್ಷ್ಮದರ್ಶಕ. ಗುಣವತಿ ಬಗ್ಗಿ ನೋಡಿದಾಗ ಮೊದಲು ಕಪ್ಪು ಮಾತ್ರ ಕಂಡಿತು, ಆಮೇಲೆ ತನ್ನದೇ ರೆಪ್ಪೆಗೂದಲು. ಪ್ರೇರಣಾ ತಿರುಗಣೆಯನ್ನು ಸ್ವಲ್ಪ ಸ್ವಲ್ಪ ತಿರುಗಿಸಿದಳು.

"ಅಯ್ಯೋ ದೇವರೇ!" ಎಂದಳು ಗುಣವತಿ.

ಒಂದೊಂದು ಮರಳ ಕಣವೂ ಕಡಲೆಯಷ್ಟು ದೊಡ್ಡದಾಗಿ, ಅಂಚು ಮೂಲೆ ಸಮೇತ ಕಾಣುತ್ತಿತ್ತು. ಹೊಗೆ ಇಲ್ಲ, ಹಬೆ ಇಲ್ಲ, ಮಂಜು ಇಲ್ಲ. ಇಪ್ಪತ್ತು ವರ್ಷದ ಹಿಂದೆಯೂ ಅವಳಿಗೆ ಇಷ್ಟು ಚೆನ್ನಾಗಿ ಕಂಡಿರಲಿಲ್ಲ. ಪ್ರೇರಣಾ ಕೂದಲೆಳೆಯಂಥ ತುದಿಯ ಒಂದು ಬ್ರಷ್ಷು ಕೊಟ್ಟು, ತುದಿ ಒದ್ದೆ ಮಾಡಿ ಕಣವನ್ನು ಎತ್ತುವುದು ತೋರಿಸಿದಳು. ಯಾವುದು ಮೀನಿನ ಹಲ್ಲು, ಯಾವುದು ಬಸವನಹುಳುವಿನ ಚಿಪ್ಪಿನ ಚೂರು ಎಂದು ಒಂದೆರಡು ಮಾದರಿ ತೋರಿಸಿ, ತಾನು ಆಗಲೇ ನೋಡಿ ಮುಗಿಸಿದ್ದ ಒಂದು ತಟ್ಟೆಯನ್ನು ಅಭ್ಯಾಸಕ್ಕೆಂದು ಕೊಟ್ಟು ಚಹಾ ತರಲು ಹೋದಳು.

ಬರುವಷ್ಟರಲ್ಲಿ ಗುಣವತಿ ಆ ತಟ್ಟೆಯಿಂದ ಮೂರು ಮೀನಿನ ಹಲ್ಲು ತೆಗೆದು ಪಕ್ಕಕ್ಕಿಟ್ಟಿದ್ದಳು.

"ಇದ್ರಲ್ಲಿ ಏನೂ ಇರ್ಲಿಲ್ವಲ್ಲ!" ಪ್ರೇರಣಾ ಬಗ್ಗಿ ನೋಡಿದಳು. ಮೂರೂ ಹಲ್ಲೇ. ಚಹಾ ಆರಿಹೋಗುವವರೆಗೆ ಗುಣವತಿ ತಲೆ ಎತ್ತಲಿಲ್ಲ.

ವಿಭಾಗದ ಪ್ರೊಫೆಸರ್ ತಿರುಮಲ ಸುಲಭಕ್ಕೆ ಒಪ್ಪುವವರಲ್ಲ. ಅವರು ಇಪ್ಪತ್ತು ತಟ್ಟೆಗಳಲ್ಲಿ ತಮಗೆ ಮಾತ್ರ ಗೊತ್ತಿರುವಂತೆ ಹಲ್ಲುಗಳನ್ನು ಬೆರೆಸಿ ಮುಂದಿನ ಮಂಗಳವಾರ ಅವಳಿಗೆ ಕೊಟ್ಟರು. ಸಂಜೆ ಹೊತ್ತಿಗೆ ಅವಳು ಅವರು ಹಾಕಿದ್ದಕ್ಕಿಂತ ನಾಲ್ಕು ಹೆಚ್ಚೇ ತೆಗೆದಿದ್ದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಗುಣವತಿ ಅಮ್ಮಾ, ವಾರಕ್ಕೆ ಎಷ್ಟು ದಿನ ಬರೋಕೆ ಆಗತ್ತೆ?" ಎಂದು ತಮಿಳಿನಲ್ಲಿ ಕೇಳಿದರು.

ಮನೆಯಲ್ಲಿ ಕಾಂತಪ್ಪನಿಗೆ ನಗು ತಡೆಯಲಾಗಲಿಲ್ಲ.

"ಅನ್ನದ ಕಲ್ಲು ಬಿಟ್ಟು ಸತ್ತ ಇಲಿಯ ಹಲ್ಲು ಆರಿಸ್ಲಿಕ್ಕೆ ಹೋಗುದಾ ಮಾರಾಯ್ತಿ?"

"ಇಲಿ ಅಲ್ಲ, ಸುಂಡಿಲಿಯ ಹಾಗೆ. ಏಳು ಕೋಟಿ ವರ್ಷ ಆಯ್ತಂತೆ."

"ಅಷ್ಟು ವರ್ಷ ಅಲ್ಲೇ ಇದ್ದದ್ದು ಇನ್ನು ಸ್ವಲ್ಪ ದಿನ ಇದ್ರೆ ಅದಕ್ಕೆ ಎಂತ ತೊಂದರೆ?"

"ಅದಕ್ಕೆ ತೊಂದರೆ ಇಲ್ಲ. ನನಗೆ ಉಂಟು. ನಿಮಗೆ ಗೊತ್ತುಂಟಾ, ಅಲ್ಲಿ ನನಗೆ ಕಾಣ್ತದೆ," ಎಂದಳು.

ಮರುದಿನ ಕಾಂತಪ್ಪ ತಾನೇ ಮ್ಯಾನೇಜರ ಹತ್ತಿರ ಹೋಗಿ, ಹೆಂಡತಿಗೆ ವಾರಕ್ಕೆ ಮೂರು ಮಧ್ಯಾಹ್ನ ಬಿಡುವು ಬೇಕೆಂದು ಕೇಳಿದ. ಬೆಳಗ್ಗೆ ಕೋಯಂಬೇಡಿನ ಮಾರುಕಟ್ಟೆಗೆ ತರಕಾರಿ ತರಲು ತಾನು ಹೋಗುತ್ತೇನೆ, ಅದಕ್ಕೆ ಬದಲಾಗಿ ಎಂದ. ಹಾಗೆ ಎಂಟು ತಿಂಗಳು ನಡೆಯಿತು. ಆಮೇಲೆ ಕಾಲೇಜಿನ ಯೋಜನೆಯಲ್ಲಿ ಸಹಾಯಕಿಯ ಒಂದು ಹುದ್ದೆ ಬಂದಾಗ ಗುಣವತಿ ಹೋಟೆಲು ಬಿಟ್ಟಳು.

ಮೊದಲ ನಾಲ್ಕು ತಿಂಗಳು ಅವಳಿಗೆ ಸಿಕ್ಕಿದ್ದು ಮೀನು, ಮೊಸಳೆ, ಹಲ್ಲಿಗಳ ಹಲ್ಲುಗಳೇ. ಸೀಸೆಗಟ್ಟಲೆ ಸಿಕ್ಕಿತು. ಸುಂಡಿಲಿ ಸಿಗಲಿಲ್ಲ. ಅವಳು ಹಾಗೆ ಕರೆಯುತ್ತಿದ್ದುದರಿಂದ ಲ್ಯಾಬಿನಲ್ಲಿ ತಮಿಳರೂ ಅದನ್ನು ಸುಂಡಿಲಿ ಎಂದೇ ಕರೆಯತೊಡಗಿದ್ದರು; ಅದರ ನಿಜವಾದ ಲ್ಯಾಟಿನ್ ಹೆಸರು ಹೇಳಲು ಪ್ರೇರಣಾಳಿಗೇ ನಾಲಗೆ ತೊಡರುತ್ತಿತ್ತು. ಅದರ ಕುಲದವು ದೇಶದ ಬೇರೆ ಕಡೆ ಮೊದಲೇ ಸಿಕ್ಕಿದ್ದವು. ಈ ಮಣ್ಣಿನಲ್ಲಿಯೂ ಅದೇ ಇತ್ತೆಂದು ಗಟ್ಟಿಯಾಗಿ ಹೇಳಲು ಮುರಿಯದ ಒಂದು ಹಲ್ಲಾದರೂ ಬೇಕಾಗಿತ್ತು.

ತಮಿಳರ ಆಡಿ ತಿಂಗಳ, ಅಂದರೆ ಆಷಾಢದ, ಒಂದು ಮಧ್ಯಾಹ್ನ ಗುಣವತಿಯ ಬ್ರಷ್ಷು ನಿಂತಿತು. ಕಂದು ಬಣ್ಣದ, ಹೊಳೆಯುವ, ಮೂರು ಪುಟ್ಟ ಗೋಪುರಗಳು ಒತ್ತಾಗಿ ಎದ್ದು, ಅವುಗಳ ಹಿಂದೆ ಒಂದು ಕುಳಿಯಿದ್ದ ವಸ್ತು. ಕೆಳಗೆ ಎರಡು ಬೇರು. ಎಳ್ಳಿನ ಅರ್ಧದಷ್ಟೂ ಇಲ್ಲ. ಅವಳು ಅದನ್ನು ಎತ್ತಲಿಲ್ಲ. "ಪ್ರೇರಣಾ, ಇಲ್ಲಿ ಬನ್ನಿ," ಎಂದಳು, ಮೆಲ್ಲಗೆ.

ಪ್ರೇರಣಾ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಗುಣವತಿಯನ್ನು ತಬ್ಬಿಕೊಂಡು ಅತ್ತಳು. ಒಂದು ಹಲ್ಲಿಗೆ ಇವಳು ಅಳುತ್ತಾಳಲ್ಲ ಎಂದು ಗುಣವತಿಗೆ ಅನ್ನಿಸಿತು.

ಎರಡು ವರ್ಷದಲ್ಲಿ ಅಂಥ ಹಲ್ಲು ಇಪ್ಪತ್ತೊಂದಾದವು. ಅವುಗಳಲ್ಲಿ ಹದಿನೆಂಟು ಗುಣವತಿ ತೆಗೆದವು. ಮೇಲ್ದವಡೆಯದು ಯಾವುದು, ಕೆಳದವಡೆಯದು ಯಾವುದು, ಮುಂದಿನದೋ ಹಿಂದಿನದೋ ಎಂದು ಪ್ರೇರಣಾ ಅವಳಿಗೆ ಚಿತ್ರ ಬರೆದು ಕಲಿಸಿದ್ದಳು. ಆ ಇಪ್ಪತ್ತೊಂದೂ ಒಂದೇ ಪ್ರಭೇದದವು ಎಂದು ಪ್ರೊಫೆಸರ್ ತೀರ್ಮಾನಿಸಿದ್ದರು. ಲೇಖನದ ಕರಡು ಸಿದ್ಧವಾಗಿತ್ತು.

ಆದರೆ ಗುಣವತಿ ಹಲ್ಲುಗಳನ್ನು ಡಬ್ಬಿಯಲ್ಲಿಡುವಾಗ ಪ್ರತಿ ಸಲವೂ ಎರಡು ಸಾಲು ಮಾಡುತ್ತಿದ್ದಳು. ಒಂದರಲ್ಲಿ ಹನ್ನೆರಡು, ಇನ್ನೊಂದರಲ್ಲಿ ಒಂಬತ್ತು. ಪ್ರೇರಣಾ ಅದನ್ನು ನಂಬರಿನ ಪ್ರಕಾರ ಮತ್ತೆ ಒಂದೇ ಸಾಲಿಗೆ ಹಾಕುತ್ತಿದ್ದಳು.

"ಯಾಕೆ ಅಕ್ಕಾ ಹೀಗೆ ಇಡ್ತೀರಾ?" ಎಂದು ಒಮ್ಮೆ ಕೇಳಿದಳು.

"ಇವು ಬೇರೆ, ಇವು ಬೇರೆ ಅಲ್ವಾ? ಬ್ರಷ್ಷಲ್ಲಿ ಎತ್ತುವಾಗ ಗೊತ್ತಾಗ್ತದೆ. ಈ ಹನ್ನೆರಡರ ಬುಡದಲ್ಲಿ ಹೊರಗಡೆ ಒಂದು ಸಣ್ಣ ಅಂಚು ಉಂಟು, ಕೂದಲು ಅಲ್ಲಿ ಸಿಕ್ಕಿಕೊಳ್ತದೆ. ಈ ಒಂಬತ್ತರಲ್ಲಿ ಜಾರಿ ಹೋಗ್ತದೆ."

"ಒಂದೇ ಬಾಯಲ್ಲಿ ಒಂದೊಂದು ಹಲ್ಲು ಒಂದೊಂದು ಥರ ಇರತ್ತೆ ಅಕ್ಕಾ. ಸವೆದಿರೋದೂ ಇರತ್ತೆ. ಸರ್ ಎಲ್ಲಾ ನೋಡಿದಾರೆ," ಎಂದಳು ಪ್ರೇರಣಾ. ಕರಡಿನ ಕೊನೆಯ ದಿನಾಂಕ ಅವಳ ತಲೆಯಲ್ಲಿತ್ತು.

ಸರ್ ಹೇಳಿದ ಮೇಲೆ ಏಳನೇ ಕ್ಲಾಸಿನವಳು ಹೇಳುವುದೇನು ಎಂದು ಗುಣವತಿ ಸುಮ್ಮನಾದಳು. ಆದರೂ ಬೆರಳು ಸುಮ್ಮನಾಗಲಿಲ್ಲ. ಮರುದಿನವೂ ಎರಡು ಸಾಲೇ ಆಯಿತು.

ಲೇಖನಕ್ಕೆ ಚಿತ್ರ ತೆಗೆಸುವ ದಿನ ಪ್ರೇರಣಾ ಅತಿ ಚೆನ್ನಾಗಿ ಉಳಿದಿದ್ದ ಒಂದು ಹಲ್ಲನ್ನು ಲೋಹದ ಬಿಲ್ಲೆಗೆ ಅಂಟಿಸಲು ಎತ್ತಿದಳು. ಅವಸರದಲ್ಲಿ ಬ್ರಷ್ಷಿನ ತುದಿ ಒದ್ದೆ ಮಾಡಲು ಮರೆತಿದ್ದಳು. ಕೂದಲು ಬಾಗಿ ಸಿಡಿಯಿತು. ಹಲ್ಲು ಹಾರಿತು.

ಪ್ರೇರಣಾ ಚೀರಿದಳು. ಬಾಗಿಲ ಬಳಿ ನಿಂತಿದ್ದ ಪ್ರೊಫೆಸರ್ ಒಳಗೆ ಕಾಲಿಡಲು ಹೊರಟರು.

"ಸರ್, ಅಲ್ಲೇ ನಿಲ್ಲಿ! ಯಾರೂ ಹೆಜ್ಜೆ ಎತ್ತಬೇಡಿ," ಎಂದಳು ಗುಣವತಿ. ಪ್ರೊಫೆಸರಿಗೆ ಅವಳು ಹಾಗೆ ಮಾತಾಡಿದ್ದು ಅದೇ ಮೊದಲು. "ಸ್ವಿಚ್ಚು ನಿಮ್ಮ ಹತ್ತಿರ ಉಂಟು. ಫ್ಯಾನ್ ನಿಲ್ಲಿಸಿ."

ಫ್ಯಾನು ನಿಂತಿತು. ಅವಳು ಮೊಣಕಾಲೂರಿ ಕೂತು, ಮೊದಲು ತನ್ನ ಸುತ್ತಲಿನ ನೆಲವನ್ನೂ, ಆಮೇಲೆ ಮೇಜಿನ ಸುತ್ತಲಿನದನ್ನೂ ಸೀಮೆಸುಣ್ಣದಿಂದ ಚೌಕ ಚೌಕ ಮಾಡಿದಳು. ಒಂದೊಂದು ಚೌಕದ ಧೂಳನ್ನೂ ಮೆತ್ತಗಿನ ಬ್ರಷ್ಷಿನಿಂದ ಗುಡಿಸಿ ಬೇರೆ ಬೇರೆ ಕಾಗದಕ್ಕೆ ಹಾಕಿ ಮಡಚಿದಳು. ಮೂವತ್ತಾರು ಪೊಟ್ಟಣವಾಯಿತು. ಪ್ರೇರಣಾ ಕೂತ ಕುರ್ಚಿ ಬಿಟ್ಟು ಅಲುಗಾಡದೆ ಬಿಕ್ಕುತ್ತಿದ್ದಳು. ಪ್ರೊಫೆಸರ್ ಹೊಸ್ತಿಲ ಮೇಲೆ ನಿಂತೇ ಇದ್ದರು. ಗುಣವತಿ ಒಂದೊಂದೇ ಪೊಟ್ಟಣ ಬಿಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ದಾರದ ಎಳೆ, ಬಣ್ಣದ ಚಕ್ಕೆ, ಇರುವೆಯ ಕಾಲು, ಬಿಸ್ಕತ್ತಿನ ಪುಡಿ. ಒಂದೂವರೆ ಗಂಟೆಯಾಯಿತು. ಮೂವತ್ತಾರೂ ಮುಗಿದವು. ಇಲ್ಲ.

"ಹೋಯ್ತು ಅಕ್ಕಾ," ಎಂದಳು ಪ್ರೇರಣಾ.

"ಹೋಗ್ಲಿಕ್ಕೆ ಅದಕ್ಕೆ ರೆಕ್ಕೆ ಉಂಟಾ? ನಿಮ್ಮ ದುಪಟ್ಟಾ ಕೊಡಿ. ಕೊಡಹಬೇಡಿ, ಮೆಲ್ಲ ತೆಗೆಯಿರಿ."

ಬಿಳಿ ಹಾಳೆಯ ಮೇಲೆ ದುಪಟ್ಟಾ ಹಾಸಿ ಅವಳು ಭೂತಗನ್ನಡಿ ಹಿಡಿದು ನೆರಿಗೆ ನೆರಿಗೆ ಬಿಡಿಸಿದಳು. ಕೈಮಗ್ಗದ ಒರಟು ನೂಲು. ಒಂದು ಕಡೆ ನೇಯ್ಗೆಯ ಸಂದಿಯಲ್ಲಿ ಕಂದು ಚುಕ್ಕೆಯೊಂದು ಸಿಕ್ಕಿಕೊಂಡಿತ್ತು. ಬ್ರಷ್ಷು ಒದ್ದೆ ಮಾಡಿ, ಎತ್ತಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿದ ಕೂಡಲೇ ಅವಳ ಬಾಯಿಂದ ಹೊರಟದ್ದು ಇಷ್ಟು: "ಬಂತು! ಒಂಬತ್ತರ ಸಾಲಿನದ್ದು."

ಪ್ರೊಫೆಸರ್ ಕೊನೆಗೂ ಒಳಗೆ ಬಂದರು. ನಿಟ್ಟುಸಿರು ಬಿಟ್ಟು ಕುರ್ಚಿಯಲ್ಲಿ ಕೂತರು. ಆಮೇಲೆ ಕೇಳಿದರು, "ಒಂಬತ್ತರ ಸಾಲು ಅಂದ್ರೆ ಏನಮ್ಮಾ?"

ಗುಣವತಿ ಪ್ರೇರಣಾಳ ಮುಖ ನೋಡಿದಳು. ಪ್ರೇರಣಾ ಕಣ್ಣೊರೆಸಿಕೊಂಡು, "ಹೇಳಿ ಅಕ್ಕಾ," ಎಂದಳು. "ನಂಗೆ ಹೇಳಿದ್ರಿ, ನಾನು ಕೇಳಿಸ್ಕೊಳ್ಲಿಲ್ಲ."

ಗುಣವತಿ ಡಬ್ಬಿ ತೆರೆದು ಎರಡು ಸಾಲು ಮಾಡಿ ತೋರಿಸಿದಳು. ಪ್ರೊಫೆಸರೂ ಅದೇ ಮಾತು ಹೇಳಿದರು: ಒಂದೇ ಬಾಯಿಯ ಹಲ್ಲುಗಳು ಒಂದರಂತೆ ಒಂದಿರುವುದಿಲ್ಲ.

"ಅದು ಸರಿ ಸರ್. ಆದ್ರೆ ಈಗ ಸಿಕ್ಕಿದ್ದು ಕೆಳದವಡೆಯ ಎರಡನೇ ದೊಡ್ಡ ಹಲ್ಲು. ಅದೇ ಜಾಗದ ಹಲ್ಲು ಆ ಸಾಲಿನಲ್ಲೂ ಒಂದು ಉಂಟು, ನಂಬರ್ ಹದಿನಾಲ್ಕು. ಎರಡೂ ಸವೆದಿಲ್ಲ. ಎರಡನ್ನೂ ಹತ್ತಿರ ಇಟ್ಟು ನೀವೇ ನೋಡಿ," ಎಂದು ಅವಳು ತಮಿಳಿನಲ್ಲಿ ಹೇಳಿದಳು.

ಅವರು ನೋಡಿದರು. ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸಿ, ದೀಪದ ಕೋನ ಬದಲಿಸಿ, ಮತ್ತೆ ನೋಡಿದರು. ಹದಿನಾಲ್ಕನೆಯದಕ್ಕೆ ಬುಡದ ಹೊರಬದಿಯಲ್ಲಿ ರವಿಕೆಯ ಪಟ್ಟಿಯಂತೆ ತೆಳ್ಳಗಿನ ಅಂಚು. ಇನ್ನೊಂದಕ್ಕೆ ಅದರ ಗುರುತೂ ಇಲ್ಲ. ಗೋಪುರಗಳ ನಡುವಿನ ಅಂತರವೂ ಬೇರೆ.

"ಪ್ರೇರಣಾ, ಕರಡು ಕಳಿಸಬೇಡ," ಎಂದರು.

ಮುಂದಿನ ಏಳು ತಿಂಗಳು ಅಳತೆಯಲ್ಲೇ ಕಳೆಯಿತು. ಬೇರೆ ಊರಿನ ಸಂಗ್ರಹದಲ್ಲಿದ್ದ ಹಲ್ಲುಗಳ ಚಿತ್ರ ತರಿಸಿದರು, ಪರದೇಶದ ಇಬ್ಬರು ತಜ್ಞರಿಗೆ ಬರೆದರು. ಒಬ್ಬರು ಒಪ್ಪಲಿಲ್ಲ, ಇನ್ನೂ ಪುರಾವೆ ಬೇಕೆಂದರು. ಗುಣವತಿ ಮತ್ತೆ ಮಣ್ಣಿನ ಮುಂದೆ ಕೂತಳು. ಐದು ಹಲ್ಲು ಹೆಚ್ಚಿಗೆ ಸಿಕ್ಕಿದವು; ಎರಡು ಅಂಚಿನವು, ಮೂರು ಅಂಚಿಲ್ಲದವು. ನಡುವಿನದು ಒಂದೂ ಇರಲಿಲ್ಲ. ಒಪ್ಪದಿದ್ದವರೂ ಆಗ ಒಪ್ಪಿದರು. ಹನ್ನೆರಡರ ಸಾಲು ಮೊದಲೇ ಗೊತ್ತಿದ್ದ ಪ್ರಭೇದ. ಒಂಬತ್ತರ ಸಾಲು ಯಾರೂ ಅಲ್ಲಿಯವರೆಗೆ ಕಾಣದ ಹೊಸದು. ಒಂದೇ ಕುಲದ ಎರಡು ಪುಟ್ಟ ಪ್ರಾಣಿಗಳು ಒಂದೇ ಕಾಲದಲ್ಲಿ, ಒಂದೇ ಜಾಗದಲ್ಲಿ ಹುಳ ಹಿಡಿದು ತಿಂದುಕೊಂಡು ಬದುಕಿದ್ದವು.

ಹೊಸದಕ್ಕೆ ಹೆಸರಿಡಬೇಕಲ್ಲ. ಪ್ರೇರಣಾ ಗುಣವತಿಯ ಹೆಸರೇ ಇಡಬೇಕೆಂದು ಹಟ ಹಿಡಿದಳು. ಪ್ರೊಫೆಸರ್ ಗುಣವತಿಯನ್ನೇ ಕೇಳಿದರು.

ಗುಣವತಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಒಂದು ರಾತ್ರಿ ಯೋಚಿಸಿ ಮರುದಿನ ಬಂದು ಹೇಳಿದಳು: "ಮಣ್ಣು ಆ ಊರಿನದ್ದು ಸರ್. ಅಲ್ಲಿಯವರಿಗೆ ಇದು ಗೊತ್ತೂ ಇರಲಿಕ್ಕಿಲ್ಲ. ಊರಿನ ಹೆಸರು ಇಡಿ. ನನ್ನ ಹೆಸರನ್ನ, ಕೆಲಸ ಮಾಡಿದವರ ಹೆಸರು ಎಲ್ಲಿ ಬರೀತೀರಿ, ಅಲ್ಲಿ ಬರೆಯಿರಿ."

ಹಾಗೇ ಆಯಿತು. ಹೊಸ ಪ್ರಭೇದ ಪುನ್ನೈಕುಳಂನ ಹೆಸರಿನದಾಯಿತು. ಲೇಖನದ ತಲೆಯಲ್ಲಿ ಮೂರು ಹೆಸರು ಬಂದವು: ಪ್ರೇರಣಾಳದು, ಕೆ. ಗುಣವತಿಯದು, ತಿರುಮಲ ಅವರದು. ತಮ್ಮದನ್ನು ಕೊನೆಗೆ ಹಾಕಿದ್ದು ಪ್ರೊಫೆಸರೇ.

ಅಚ್ಚಾದ ಪ್ರತಿಯನ್ನು ಅವಳು ಮನೆಗೆ ತಂದ ಸಂಜೆ ಅಶ್ವಿತಾ ಅದನ್ನು ಕಿತ್ತುಕೊಂಡು ಓದಿದಳು. ಇಂಗ್ಲಿಷಿನ ಉದ್ದುದ್ದ ಪದಗಳು. ಅರ್ಧ ಅವಳಿಗೂ ತಿಳಿಯಲಿಲ್ಲ. ಆದರೆ ಒಂದು ಪುಟದಲ್ಲಿ ನಿಂತು, "ಅಮ್ಮಾ, ಇಲ್ಲಿ ನೋಡು," ಎಂದು ಕನ್ನಡದಲ್ಲೇ ಹೇಳಿದಳು. "ಎರಡು ಥರ ಇದೆ ಅಂತ ಮೊದ್ಲು ಕಂಡುಹಿಡಿದದ್ದು ನೀನು ಅಂತ ಬರ್ದಿದಾರೆ. ನಿಜವಾಗ್ಲೂನಾ?"

"ನಾನು ಕಂಡುಹಿಡಿಯಲಿಲ್ಲ, ಆರಿಸಿದ್ದು," ಎಂದಳು ಗುಣವತಿ.

ಕಾಂತಪ್ಪ ಓದಲು ಕೂರಲಿಲ್ಲ. ಮಾರನೆಯ ದಿನ ಆ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹೋಟೆಲಿಗೆ ಒಯ್ದು, ದೋಸೆ ಹೊಯ್ಯುತ್ತ ಹೊಯ್ಯುತ್ತ ಕ್ಯಾಷಿಯರಿಗೆ, ಸಪ್ಲೈಯರುಗಳಿಗೆ, ಪರಿಚಯದ ಗಿರಾಕಿಗಳಿಗೆ ತೋರಿಸಿದ. ಮ್ಯಾನೇಜರ್ ಗುಣವತಿಗೆ ಕೊಡಲೆಂದು ಒಂದು ಪೊಟ್ಟಣ ಮೈಸೂರುಪಾಕು ಕಟ್ಟಿಸಿದರು.

ಆ ಮಾಸಿ ತಿಂಗಳು, ಫೆಬ್ರವರಿಯ ಕೊನೆಗೆ, ಪ್ರೊಫೆಸರ್ ಹೊಸ ಮಣ್ಣು ತರಲು ಹೊರಟಾಗ ಗುಣವತಿಯನ್ನೂ ಕರೆದರು. ಅಷ್ಟು ವರ್ಷ ಆ ಮಣ್ಣಿನ ಕಣಕಣ ನೋಡಿದವಳು ಆ ಊರನ್ನು ನೋಡಿರಲಿಲ್ಲ. ಅಶ್ವಿತಾ ತಾನಾಗಿಯೇ ಜೊತೆಗೆ ಬರುತ್ತೇನೆಂದಳು.

ಬಯಲು, ಅಲ್ಲೊಂದು ಇಲ್ಲೊಂದು ಜಾಲಿ, ಮಳೆನೀರು ಕೊರೆದ ಕಣಿವೆ. ಕಣಿವೆಯ ಗೋಡೆಯಲ್ಲಿ ಕೆಂಪು, ಬೂದು, ಮತ್ತೆ ಕೆಂಪು ಪಟ್ಟೆ. ಬೂದು ಪಟ್ಟೆಯ ಮೇಲೆ ಪ್ರೇರಣಾ ಕೈಯಿಟ್ಟು, "ಇದೇ ಅಕ್ಕಾ," ಎಂದಳು. ಗುಣವತಿ ಚಪ್ಪಲಿ ಕಳಚಿ ಹತ್ತಿರ ಹೋಗಿ ಮುಟ್ಟಿದಳು. ಒಣಗಿತ್ತು, ಬಿಸಿಲಿಗೆ ಬೆಚ್ಚಗಿತ್ತು. ಬೆರಳಲ್ಲಿ ಉಜ್ಜಿದಾಗ ಪರಿಚಿತವಾದ ಸೀಮೆಎಣ್ಣೆ ವಾಸನೆ ಬರಲಿಲ್ಲವಲ್ಲ ಎಂದು ಅವಳಿಗೆ ನಗು ಬಂತು.

ಮೂಟೆ ತುಂಬಲು ಊರಿನ ನಾಲ್ಕು ಹೆಂಗಸರು ಬಂದಿದ್ದರು. ಅವರಲ್ಲಿ ಲಕ್ಷ್ಮೀ ಎಂಬ ನಲವತ್ತರ ಹೆಂಗಸು ಕಲ್ಲುಗಣಿಯಲ್ಲಿ ಕೆಲಸ ಮಾಡಿದವಳು. ಊಟದ ಹೊತ್ತಿನಲ್ಲಿ ಅವಳು ಗುಣವತಿಯ ಪಕ್ಕ ಬಂದು ಕೂತು ತಮಿಳಿನಲ್ಲಿ ಕೇಳಿದಳು: "ಅಕ್ಕಾ, ವರ್ಷಾ ವರ್ಷಾ ಬಂದು ಮಣ್ಣು ಹೊತ್ಕೊಂಡು ಹೋಗ್ತಾರೆ. ಇದರಲ್ಲಿ ಅಂಥದ್ದೇನಿದೆ?"

ಗುಣವತಿ ಚೀಲದಿಂದ ಚಿತ್ರ ತೆಗೆದು ತೋರಿಸಿದಳು. ಇಷ್ಟು ದಿನದಿಂದ ಹೇಳಬೇಕೆಂದಿದ್ದನ್ನೆಲ್ಲ ಹೇಳಿದಳು. ನಾಲ್ಕೂ ಜನ ಅನ್ನ ಕಲಸುವುದು ಬಿಟ್ಟು ಕೇಳಿದರು. "ನಮ್ಮೂರ ಹೆಸರಾ?" ಎಂದು ಲಕ್ಷ್ಮೀ ಮೂರು ಸಲ ಕೇಳಿ ಖಚಿತಪಡಿಸಿಕೊಂಡಳು.

ಹಿಂದಿರುಗುವಾಗ ಜೀಪಿನಲ್ಲಿ ಗುಣವತಿ ಪ್ರೊಫೆಸರಿಗೆ ಒಂದು ಮಾತು ಹೇಳಿದಳು. ಮಣ್ಣನ್ನು ಚೆನ್ನೈಗೆ ಹೊರುವ ಬದಲು ಅಲ್ಲೇ ತೊಳೆದು, ಅಲ್ಲೇ ಆರಿಸಿದರೆ ಆಗದೇ? ಶಾಲೆಯಲ್ಲಿ ಒಂದು ಕೋಣೆ ಖಾಲಿ ಇತ್ತು, ತಾನು ನೋಡಿದ್ದೇನೆ. ಕಲಿಸಲು ತಾನು ಬರುತ್ತೇನೆ.

ಪ್ರೊಫೆಸರ್ ಕೂಡಲೇ ಹ್ಞೂಂ ಎನ್ನಲಿಲ್ಲ. ಅರ್ಜಿ, ಅನುಮತಿ ಎಂದು ಒಂದು ವರ್ಷ ಹಿಡಿಯಿತು. ಈಗ ಪುನ್ನೈಕುಳಂನ ಶಾಲೆಯ ಆ ಕೋಣೆಯಲ್ಲಿ ಎರಡು ಸೂಕ್ಷ್ಮದರ್ಶಕಗಳಿವೆ. ತಿಂಗಳಿಗೊಂದು ವಾರ ಗುಣವತಿ ಎಗ್ಮೋರಿನಿಂದ ರೈಲು ಹತ್ತಿ ಅಲ್ಲಿಗೆ ಹೋಗುತ್ತಾಳೆ. ನಾಲ್ವರಲ್ಲಿ ಇಬ್ಬರು ಬೇಗ ಕಲಿತರು. ಲಕ್ಷ್ಮೀಗೆ ಮಾತ್ರ ಕೈ ಪಳಗಲಿಲ್ಲ. ಗಣಿಯ ಸುತ್ತಿಗೆ ಹಿಡಿದ ಕೈ ಅದು; ಬ್ರಷ್ಷನ್ನೂ ಮುಷ್ಟಿಯಲ್ಲಿ ಹಿಡಿಯುತ್ತಿದ್ದಳು.

ಹೋದ ಸಲ ಗುಣವತಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬ್ರಷ್ಷನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು, ಮಣಿಕಟ್ಟನ್ನು ಮೇಜಿಗೆ ಊರಿಸಿದಳು. "ಗಟ್ಟಿ ಹಿಡೀಬೇಡ. ಬಿದ್ರೆ ಬೀಳಲಿ, ಹುಡುಕೋಣ," ಎಂದಳು. ಲಕ್ಷ್ಮೀ ತುದಿ ಒದ್ದೆ ಮಾಡಿ, ಇಳಿಸಿ, ಎತ್ತಿದಳು. ಬ್ರಷ್ಷಿನ ತುದಿಯಲ್ಲಿ ಒಂದು ಮೀನಿನ ಹಲ್ಲು ನಿಂತಿತ್ತು. ಅದನ್ನು ಸೀಸೆಗೆ ಇಳಿಸಿ, ಯಾರ ಮುಖವನ್ನೂ ನೋಡದೆ, ಅವಳು ಮುಂದಿನ ಕಣಕ್ಕೆ ಬಗ್ಗಿದಳು. ಮಧ್ಯಾಹ್ನದ ಊಟಕ್ಕೆ ಕರೆದಾಗ, "ನೀವು ತಿನ್ನಿ ಅಕ್ಕಾ, ಈ ತಟ್ಟೆ ಮುಗಿಸಿ ಬರ್ತೀನಿ," ಎಂದಳು. ಗುಣವತಿ ಅವಳ ಪಾಲಿನದನ್ನು ಮುಚ್ಚಿಟ್ಟು, ಉಳಿದವರ ಜೊತೆ ಬೇವಿನ ಮರದ ಕೆಳಗೆ ಊಟಕ್ಕೆ ಕೂತಳು.